ಕೊನೆಯ ಒಂಬತ್ತು ಅಡಿ

ಕೋಡಿ ಬೆಂಗ್ರೆಯಲ್ಲಿ ಇಳಿತ ಮುಗಿದು ನೀರು ತಿರುಗುವ ಹೊತ್ತು. ನನ್ನ ಬಳಿ ಫ್ಲೈ ಫಿಶಿಂಗ್ (ಗರಿ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯುವುದು) ಕಲಿಯಲು ಬಂದಿದ್ದ ಮಣಿಪಾಲದ ಯುವಕರೊಬ್ಬರು ಅರ್ಧ ಗಂಟೆಯಿಂದ ರಾಡ್ ಬೀಸುತ್ತಿದ್ದರು. ಲೈನ್ ಚೆನ್ನಾಗಿಯೇ ಬಿಚ್ಚಿಕೊಂಡು ಮುಂದೆ ಹೋಗುತ್ತಿತ್ತು. ಆದರೆ ಕೊನೆಗೆ ಫ್ಲೈ ಮಾತ್ರ ನೂಲಿನ ಮುದ್ದೆಯ ಜೊತೆ ಪೊತ್ತೆಂದು ಒಂದೇ ಕಡೆ ಬೀಳುತ್ತಿತ್ತು. "ಸರ್, ರಾಡ್ ಬದಲಾಯಿಸಬೇಕು ಅಂತ ಕಾಣ್ತದೆ" ಎಂದರು. ಹದಿನೆಂಟು ಸಾವಿರದ ರಾಡ್ ಅದು. ನಾನು ಅದನ್ನು ಮುಟ್ಟಲೇ ಇಲ್ಲ. ಲೈನಿನ ತುದಿ ಹಿಡಿದು ನೋಡಿದೆ. ಸೇಮಿಗೆ ಎಳೆಯಷ್ಟು ದಪ್ಪದ ಹಳದಿ ಲೈನಿಗೆ 0.30 ಮಿಲಿಮೀಟರಿನ ನೈಲಾನ್ ನೂಲನ್ನು ನೇರವಾಗಿ ಗಂಟು ಹಾಕಿದ್ದರು. ಒಂಬತ್ತು ಅಡಿಯೂ ಒಂದೇ ದಪ್ಪ.

ನಮ್ಮ ಕಡೆ ದೋಟಿ ಗೊತ್ತಿಲ್ಲದವರಿಲ್ಲ. ಗಟ್ಟಿ ಬಿದಿರಿನ ತುದಿಗೆ ಒಂದು ಹಿಡಿಕಡ್ಡಿ ಕಟ್ಟಿ ಮಾವಿನಕಾಯಿ ಕೊಯ್ಯಲು ಹೋದರೆ ಏನಾಗುತ್ತದೆ? ಬಿದಿರು ಎಷ್ಟು ಗಟ್ಟಿಯಿದ್ದರೂ ಕಟ್ಟಿದ ಜಾಗದಲ್ಲಿ ಕಡ್ಡಿ ಬಾಗುತ್ತದೆ, ಕೈಯ ಬಲ ಅಲ್ಲಿಗೇ ಮುಗಿಯಿತು. ಅವರ ಲೈನಿನ ತುದಿಯಲ್ಲೂ ಆದದ್ದು ಅದೇ.

ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರುತ್ತದೆ, ನೂಲು ಅದರ ಹಿಂದೆ ಹೋಗುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಗರಿಯನ್ನೋ ಕೂದಲನ್ನೋ ಕಟ್ಟಿದ್ದು. ಅದಕ್ಕೆ ತೂಕವೇ ಇಲ್ಲ, ಎಸೆದರೆ ಕಾಲಬುಡಕ್ಕೆ ಬೀಳುತ್ತದೆ. ಇಲ್ಲಿ ತೂಕ ಇರುವುದು ಲೈನಿನಲ್ಲೇ. ಲೈನ್ ಬಿಚ್ಚಿಕೊಳ್ಳುತ್ತಾ ಹೋಗುವ ಬಲವನ್ನು ಫ್ಲೈವರೆಗೆ ದಾಟಿಸಬೇಕಾದದ್ದು ನಡುವಿನ ನೂಲು. ಅದೇ ಲೀಡರ್. ಲೀಡರಿನ ಕೊನೆಯ ಒಂದೆರಡು ಅಡಿ, ಫ್ಲೈಗೆ ಕಟ್ಟುವ ತೆಳು ತುಂಡು, ಟಿಪೆಟ್. ಲೀಡರ್ ಇರುವುದು ಮೀನಿಗೆ ಲೈನ್ ಕಾಣಬಾರದೆಂದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಅದು ಎರಡನೇ ಕೆಲಸ. ಬಲ ದಾಟಿಸುವುದು ಮೊದಲನೆಯದು.

ಇಲ್ಲಿ ಸ್ವಲ್ಪ ಲೆಕ್ಕ ಉಂಟು. ನೂಲಿನ ದಪ್ಪ ಅರ್ಧವಾದರೆ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ. ಬಿಗುಪು, ಅಂದರೆ ಬಾಗದೆ ನಿಲ್ಲುವ ಗುಣ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ದಪ್ಪದಿಂದ ತೆಳುವಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಲೈನಿಗೆ ಅಂಟುವ ಮೊದಲ ತುಂಡು ಲೈನ್ ತುದಿಯ ದಪ್ಪದ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ಲೈನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆದು, ನೈಲಾನ್ ಬಿಗಿ. ಹಾಗಾಗಿ ಅಷ್ಟು ದಪ್ಪದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಬಾಗುತ್ತವೆ.

ಅಂಗಡಿಯ ಪ್ಯಾಕೆಟ್ ಮೇಲೆ 3 ಎಕ್ಸ್, 5 ಎಕ್ಸ್ ಎಂದು ಬರೆದಿರುತ್ತದೆ. ದೊಡ್ಡ ಸಂಖ್ಯೆ ಎಂದರೆ ದಪ್ಪ ಎಂದುಕೊಂಡು ತಂದು ಪೇಚಾಡಿದವರನ್ನು ಕಂಡಿದ್ದೇನೆ. ಇದು ನೈಲಾನ್ ಬರುವ ಮೊದಲಿನ ಲೆಕ್ಕ. ಆಗ ಟಿಪೆಟ್ ಮಾಡುತ್ತಿದ್ದುದು ರೇಷ್ಮೆಹುಳದ ಒಳಗಿನ ಗ್ರಂಥಿಯನ್ನು ಎಳೆದು ತೆಗೆದ ದಾರದಿಂದ. ಸ್ಪೇನಿನ ಮುರ್ಸಿಯಾ ಅದಕ್ಕೆ ಹೆಸರುವಾಸಿ. ಆ ದಾರವನ್ನು ಸಣ್ಣ ತೂತಿನ ಅಚ್ಚಿನ ಮೂಲಕ ಎಳೆದು ತೆಳು ಮಾಡುತ್ತಿದ್ದರು. ಎಷ್ಟು ಸಲ ಎಳೆದರೋ ಅಷ್ಟು ಎಕ್ಸ್. ಈಗಲೂ ಲೆಕ್ಕ ಹಾಗೇ ಉಳಿದಿದೆ: ಹನ್ನೊಂದರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ಸಿಗುವುದು ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ. 5 ಎಕ್ಸ್ ಎಂದರೆ 0.006 ಇಂಚು, ಅಂದರೆ ಸುಮಾರು 0.15 ಮಿಲಿಮೀಟರ್. ತಂಪು ನಾಡಿನ ತಿಳಿಹೊಳೆಗಳಲ್ಲಿ ಟ್ರೌಟ್ ಹಿಡಿಯುವವರಿಗೆ ಅದು ಬೇಕು. ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿದರೆ ಬೇಕಾದ ಎಕ್ಸ್ ಸಿಗುತ್ತದೆ ಎಂಬುದೂ ಅವರ ಲೆಕ್ಕವೇ. ಉದ್ಯಾವರ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಕೆಂಬೇರಿ ಹಿಡಿಯುವವನಿಗೆ 5 ಎಕ್ಸ್ ಕೊಟ್ಟರೆ ಮೀನಿಗೆ ಫ್ಲೈ ದಾನ ಮಾಡಿದ ಹಾಗೆ.

ನನ್ನ ತಕರಾರು ಇರುವುದು ಪೌಂಡಿನ ಲೆಕ್ಕದ ಮೇಲೆ. ನಮ್ಮಲ್ಲಿ ಎಲ್ಲರೂ ಕೇಳುವುದು "ಎಷ್ಟು ಪೌಂಡ್ ತಡೀತದೆ?" ಎಂದು. ಕೆಲವು ವರ್ಷಗಳ ಹಿಂದೆ 0.40 ಮಿಲಿಮೀಟರ್ ಎಂದು ಬರೆದಿದ್ದ ಒಂದು ನೂಲಿನ ರೀಲ್ ತಂದಿದ್ದೆ. ಆ ದಪ್ಪಕ್ಕೆ ಸಿಕ್ಕಾಪಟ್ಟೆ ಗಟ್ಟಿ ಎಂದು ಖುಷಿ. ಆದರೆ ಗಂಟು ಕೂರುವುದೇ ಇಲ್ಲ, ಲೀಡರ್ ನಡುವೆ ಮುರಿದಂತೆ ಬಾಗುತ್ತದೆ. ಪರಿಚಯದ ಲೇತ್ ಅಂಗಡಿಯಲ್ಲಿ ಸ್ಕ್ರೂಗೇಜಿಗೆ ಹಿಡಿದು ನೋಡಿದರೆ 0.46! ಮೂರನೇ ಒಂದು ಪಾಲಿನಷ್ಟು ಹೆಚ್ಚು ಸರಕು ಒಳಗಿದ್ದರೆ ಗಟ್ಟಿ ಇರದೆ ಇನ್ನೇನು? ಅಂದಿನಿಂದ ಒಂದು ಸ್ಕ್ರೂಗೇಜ್ ನನ್ನ ಚೀಲದಲ್ಲೇ ಇರುತ್ತದೆ. ಪಿಯುಸಿ ಲ್ಯಾಬಿನಲ್ಲಿ ಹಿಡಿದದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು. ಹೊಸ ರೀಲ್ ತಂದರೆ ಮೂರು ಕಡೆ ಅಳೆದು ಮಾರ್ಕರ್ ಪೆನ್ನಿನಲ್ಲಿ ನಿಜವಾದ ದಪ್ಪ ಬರೆದಿಡುತ್ತೇನೆ. ಅಂಗಡಿಯ ಗಾಜಿನ ಎದುರು ಬಿಸಿಲಿಗೆ ಒಡ್ಡಿಟ್ಟ ರೀಲ್ ಎಷ್ಟೇ ಅಗ್ಗವಾದರೂ ಮುಟ್ಟುವುದಿಲ್ಲ, ನೈಲಾನಿಗೆ ಬಿಸಿಲು ಆಗದು.

8 ವೆಯ್ಟ್ (ಲೈನಿನ ತೂಕದ ನಂಬರ್) ಲೈನಿಗೆ ನಾನು ಕಟ್ಟುವ ಲೀಡರ್ ಹೀಗೆ: 0.60ರ ನೈಲಾನ್ 150 ಸೆಂಟಿಮೀಟರ್, 0.50ರದ್ದು 40, 0.40ರದ್ದು 30, ಕೊನೆಗೆ 0.33ರ ಟಿಪೆಟ್ 55. ಒಟ್ಟು 275, ಒಂಬತ್ತು ಅಡಿಗೆ ಹತ್ತಿರ. ಅರ್ಧಕ್ಕಿಂತ ಹೆಚ್ಚು ಭಾಗ ದಪ್ಪ ತುಂಡೇ ಎಂಬುದನ್ನು ಗಮನಿಸಿ. ಹೊಸಬರು ಇಲ್ಲೇ ಜಿಪುಣತನ ಮಾಡುವುದು. ತುಂಡು ತುಂಡಿನ ನಡುವೆ ಬ್ಲಡ್ ನಾಟ್ ಎಂಬ ಗಂಟು, ಎರಡೂ ಕಡೆ ನಾಲ್ಕೈದು ಸುತ್ತು. ಟಿಪೆಟ್ಟಿಗೆ ಸರ್ಜನ್ಸ್ ನಾಟ್ ಸಾಕು. ದೋಣಿಯ ಮೇಲೆ ಅಲುಗಾಡುತ್ತಾ ಕಟ್ಟಲು ಅದೇ ಸುಲಭ. ದಪ್ಪ ತುದಿಯಲ್ಲಿ ಒಂದು ಕುಣಿಕೆ ಮಾಡಿ ಲೈನಿನ ಕುಣಿಕೆಗೆ ಸೇರಿಸುತ್ತೇನೆ. ಎರಡು ಕುಣಿಕೆಗಳು ಕೈಗೆ ಕೈ ಕೋದ ಹಾಗೆ ಕೂರಬೇಕು. ಒಂದು ಇನ್ನೊಂದರ ಕುತ್ತಿಗೆ ಹಿಸುಕಿದಂತೆ ಕಂಡರೆ ಬಿಚ್ಚಿ ಮತ್ತೆ ಹಾಕಿ. ಹಾಗೇ ಬಿಟ್ಟರೆ ಲೈನಿನ ಹೊದಿಕೆ ಕೊಯ್ದುಹೋಗುತ್ತದೆ.

ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಒಂಬತ್ತು ಅಡಿ ಉದ್ದ ಜಾಸ್ತಿ. ಏಳಕ್ಕೆ ಇಳಿಸಿ, ಟಿಪೆಟ್ ಕಡಿಮೆ ಮಾಡಿ. ಮುಳುಗುವ ಲೈನ್ ಆದರೆ ನಾಲ್ಕು ಅಡಿಯ ಒಂದೇ ತುಂಡು ಸಾಕು. ಲೀಡರ್ ಉದ್ದವಾದರೆ ಲೈನ್ ತಳಕ್ಕೆ ಹೋದರೂ ಫ್ಲೈ ಮೇಲೆಯೇ ತೇಲಾಡುತ್ತಿರುತ್ತದೆ.

ನೈಲಾನಿನ ಬದಲು ಫ್ಲೂರೋಕಾರ್ಬನ್ ಎಂಬ ಇನ್ನೊಂದು ಬಗೆಯ ನೂಲು ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ನೈಲಾನಿಗಿಂತ ದುಬಾರಿ. ಬೆಳಕನ್ನು ಬಾಗಿಸುವ ಅಳತೆ ನೀರಿನದು 1.33, ಫ್ಲೂರೋದ್ದು 1.42, ನೈಲಾನಿನದು 1.53ರ ಆಸುಪಾಸು. ಆದ್ದರಿಂದ ನೀರಿನಲ್ಲಿ ಅದು ಕಡಿಮೆ ಕಾಣುತ್ತದೆ ಎನ್ನುತ್ತಾರೆ, ಸರಿಯೇ. ಆದರೆ ಮಳೆ ಬಿಟ್ಟು ತಿಂಗಳಾದರೂ ಕೆಂಪಗೆ ಹರಿಯುವ ನೇತ್ರಾವತಿಯಲ್ಲಿ ಹಗ್ಗ ಕಟ್ಟಿದರೂ ಮೀನಿಗೆ ಕಾಣುವುದಿಲ್ಲ ಮಾರಾಯ್ರೆ! ನಾನು ಫ್ಲೂರೋ ಬಳಸುವುದು ಬೇರೆ ಕಾರಣಕ್ಕೆ. ಅದು ಗಟ್ಟಿ, ಉಜ್ಜಿದರೆ ಬೇಗ ಸವೆಯುವುದಿಲ್ಲ, ನೀರು ಕುಡಿಯುವುದಿಲ್ಲ. ನೈಲಾನ್ ನೀರು ಕುಡಿದು ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಸೇತುವೆ ಕಂಬಗಳಿಗೆ ಅಂಟಿದ ಪಚ್ಚಿಲೆ ಚಿಪ್ಪಿಗೆ, ಕೆಂಬೇರಿಯ ಹಲ್ಲಿಗೆ, ಕುರುಡಿ ಮೀನಿನ ಅರದಂಥ ಬಾಯಿಗೆ ಫ್ಲೂರೋದ ಗಿಡ್ಡ ತುಂಡೊಂದು ತುದಿಯಲ್ಲಿ ಬೇಕೇ ಬೇಕು. 0.60ರದ್ದು, ಒಂದು ಗೇಣು. ತೆಳು ಟಿಪೆಟ್ಟನ್ನು ಜೋಡಿ ಎಳೆ ಮಾಡಿ ಆಲ್‌ಬ್ರೈಟ್ ಗಂಟಿನಿಂದ ಅದಕ್ಕೆ ಸೇರಿಸಿ. ಅಂತರರಾಷ್ಟ್ರೀಯ ದಾಖಲೆಗೆ ಮೀನು ಹಿಡಿಯುವವರಿಗೆ ಈ ತುಂಡು ಗಂಟೂ ಸೇರಿ 12 ಇಂಚು ಮೀರಬಾರದು, ಅದರ ಹಿಂದಿನ ಟಿಪೆಟ್ ಕಡಿಮೆಯೆಂದರೂ 15 ಇಂಚು ಇರಬೇಕು ಎಂಬ ನಿಯಮ ಉಂಟು. ನಮಗೆ ದಾಖಲೆ ಬೇಡ, ಆದರೂ ಅಳತೆ ಒಳ್ಳೆಯದೇ. ನೀರಿನ ಮೇಲೆ ಸದ್ದು ಮಾಡುವ ಪಾಪರ್ ಕಟ್ಟುವಾಗ ಮಾತ್ರ ನೈಲಾನೇ ಇರಲಿ, ಫ್ಲೂರೋ ಮುಳುಗಿ ಅದರ ಮೂತಿಯನ್ನು ಕೆಳಗೆ ಎಳೆಯುತ್ತದೆ.

"ಹಾಗಿದ್ದರೆ ಟಿಪೆಟ್ಟನ್ನೂ 0.60 ಮಾಡಿಬಿಟ್ಟರೆ ಆಯಿತಲ್ಲ?" ಎಂದು ಆ ಯುವಕರು ಕೇಳಿದರು. ಒಳ್ಳೆಯ ಪ್ರಶ್ನೆ. ಫ್ಲೈ ಲೈನಿನ ಒಳಗಿನ ಎಳೆ ಸಾಮಾನ್ಯವಾಗಿ ತಡೆಯುವುದು 20–30 ಪೌಂಡ್. 0.60ರ ನೈಲಾನ್ 40ರ ಹತ್ತಿರ ತಡೆಯುತ್ತದೆ. ಕೊಕ್ಕೆ ಬೇರಿಗೆ ಸಿಕ್ಕಿ ನೀವು ಜಗ್ಗಿದರೆ ಮೊದಲು ಹೋಗುವುದು ಸಾವಿರಾರು ರೂಪಾಯಿಯ ಲೈನ್. ಎಲ್ಲೋ ಒಂದು ಕಡೆ ತುಂಡಾಗಲೇಬೇಕು ಎಂದಾದರೆ ಅದು ಎಲ್ಲಿ ಎಂದು ಮನೆಯಲ್ಲಿ ಕೂತು ನೀವೇ ತೀರ್ಮಾನಿಸಿ. ಹತ್ತು ರೂಪಾಯಿಯ ಟಿಪೆಟ್ ಇರುವುದು ಅದಕ್ಕೇ. ಮೀನಿಗೂ ಅದೇ ಲೇಸು. ಇಪ್ಪತ್ತು ಅಡಿ ಲೈನ್ ಎಳೆದುಕೊಂಡು ಕಾಂಡ್ಲಾದೊಳಗೆ ಹೋದ ಮೀನು ಅಲ್ಲೇ ಸುತ್ತಿಕೊಂಡು ಸಾಯುತ್ತದೆ.

ಇನ್ನು ಗಂಟಿನ ವಿಷಯ. ಇದನ್ನು ನಾನು ಕಲಿತದ್ದು ಯಾವ ವಿಡಿಯೋದಿಂದಲೂ ಅಲ್ಲ, ಹಂಗಾರಕಟ್ಟೆ ಕಡೆಯ ಒಬ್ಬ ಅಜ್ಜನಿಂದ. ಮೀನುಗಾರಿಕೆ ನಿಷೇಧದ ಜೂನ್-ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿ. ಮಳೆಯ ಸದ್ದಿನ ನಡುವೆ ಶೆಡ್ಡಿನಲ್ಲಿ ಕೂತು ಅಜ್ಜ ಬಲೆ ಸರಿ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಲೀಡರ್ ಕಟ್ಟುತ್ತಿದ್ದೆ. ಗಂಟು ಹಾಕಿ ಜಗ್ಗಿದ್ದೇ ತಡ ಕೈ ಮೇಲೆ ಕೈ. "ಒಣ ಗಂಟ್ ಎಳುಕಾಗ ಮಾರಾಯಾ, ನೂಲ್ ಸುಟ್ ಹೋತ್" ಎಂದರು. ನೈಲಾನ್ ನೈಲಾನಿನ ಮೇಲೆ ಉಜ್ಜಿ ಹುಟ್ಟುವ ಬಿಸಿ ಕೈಗೆ ತಾಗುವುದಿಲ್ಲ, ಆದರೆ ನೂಲಿನ ಮೈ ಅಷ್ಟರಲ್ಲೇ ಹಾಳಾಗಿರುತ್ತದೆ. ಅಜ್ಜ ಗಂಟನ್ನು ಬಾಯಿಗಿಟ್ಟು ಒದ್ದೆ ಮಾಡಿ, ಎರಡೂ ತುದಿಗಳನ್ನು ನಿಧಾನವಾಗಿ ಒಂದೇ ಹದದಲ್ಲಿ ಎಳೆದರು. ಸುತ್ತುಗಳು ಒಂದರ ಪಕ್ಕ ಒಂದು ಬಂದು ಕೂತವು, ಜಡೆ ಹೆಣೆದ ಹಾಗೆ. ಬಾಯಲ್ಲಿ ಎಲೆಯಡಿಕೆ ಇತ್ತು. ಆ ಲೀಡರಿನ ಒಂದು ಗಂಟು ಕೊನೆಯವರೆಗೂ ಕೆಂಪಗೇ ಇತ್ತು, ಬಿಚ್ಚಲಿಲ್ಲ.

ನೂಲು ತುಂಡಾದಾಗ ಬಯ್ಯುವ ಮೊದಲು ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಅಭ್ಯಾಸ. ನೇರವಾಗಿ ಕತ್ತರಿಸಿದಂತಿದ್ದರೆ ಚಿಪ್ಪಿಗೆ ತಾಗಿದೆ ಅಥವಾ ಹಲ್ಲಿಗೆ ಸಿಕ್ಕಿದೆ. ಬೆಳ್ಳಗೆ ಒರಟಾಗಿ ಎಳೆ ಎದ್ದಿದ್ದರೆ ಎಷ್ಟೋ ಹೊತ್ತಿನಿಂದ ಉಜ್ಜುತ್ತಿತ್ತು, ನೀವು ಬೆರಳಾಡಿಸಿ ನೋಡಿಲ್ಲ. ಹಂದಿಯ ಬಾಲದಂತೆ ಸುರುಳಿ ಸುತ್ತಿದ್ದರೆ ನೂಲು ತುಂಡಾದದ್ದೇ ಅಲ್ಲ, ಗಂಟು ಜಾರಿದೆ.

ಆ ಯುವಕರಿಗೆ ಅಂದು ಅಲ್ಲೇ ಮರಳ ಮೇಲೆ ಕೂತು ಒಂದು ಲೀಡರ್ ಕಟ್ಟಿ ಕೊಟ್ಟೆ. ಅದೇ ರಾಡ್, ಅದೇ ಲೈನ್. ಮೂರನೇ ಬೀಸಿಗೆ ಫ್ಲೈ ನೇರವಾಗಿ ಹೋಗಿ ಬಿತ್ತು. ಎರಡು ವಾರ ಬಿಟ್ಟು ಕೆಮ್ಮಣ್ಣಿನ ತೂಗುಸೇತುವೆ ಕಡೆಯಿಂದ ಅವರ ವಾಟ್ಸಾಪ್ ಬಂತು: "ಸರ್, ದೊಡ್ಡ ಕೆಂಬೇರಿ, ಬೇರಿನ ಹತ್ತಿರ ಹೋಗಿ ಕಟ್ ಮಾಡಿತು." ಜೊತೆಗೆ ಟಿಪೆಟ್ ತುದಿಯ ಫೋಟೋ. ದೊಡ್ಡದು ಮಾಡಿ ನೋಡಿದೆ. ಚಂದದ ಸುರುಳಿ.

"ಫ್ಲೈಯ ಗಂಟು ಒದ್ದೆ ಮಾಡಿದ್ರಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಮೀನು ಎದುರೇ ಹಾರ್ತಾ ಇತ್ತು ಸರ್."