ನಿದ್ದೆ ಮಾತ್ರೆ ಬಿಡಿಸುವ ಪಾಠ

ಮುಂಬೈ ಬಳಿ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡದವರ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಚೀಟಿ ಇರುತ್ತದೆ. ಮಡಿಸಿ ಮಡಿಸಿ ಹರಿದದ್ದು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟದ್ದು. ಆಲ್ಪ್ರಜೋಲಮ್ 0.25, ರಾತ್ರಿ ಒಂದು. ಎಷ್ಟು ದಿನ ಅಂತ ಡಾಕ್ಟರು ಬರೆದಿರುವುದಿಲ್ಲ. ಮನೆಯವರಿಗೆ ಅದು 'ಅಮ್ಮನ ನಿದ್ದೆ ಮಾತ್ರೆ', ಅಷ್ಟೇ. ಚಟ ಅಂದರೆ ನೊಂದುಕೊಳ್ಳುತ್ತಾರೆ.

ನಮ್ಮ ಕಾನೂನು ಈ ಚೀಟಿಯ ಕಡೆ ನೋಡಿದ್ದು ತಡವಾಗಿ. 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, ಕಣ್ಣು ಕಳ್ಳಸಾಗಣೆ ಮೇಲಿತ್ತು. ಶಿಕ್ಷೆಯ ಭಯ, ಲೈಸೆನ್ಸಿನ ಅಲೆದಾಟ ಎಷ್ಟಾಯಿತೆಂದರೆ ಹಲವು ಆಸ್ಪತ್ರೆಗಳು ಬಲವಾದ ನೋವಿನ ಔಷಧಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರ್ ರೋಗಿಗಳು ನೋವು ತಿಂದರು. ಮಾರ್ಫಿನ್ ಬರೆದು ಅಭ್ಯಾಸವೇ ಇಲ್ಲದೆ ಎಷ್ಟೋ ಜನ ಡಾಕ್ಟರಾದರು. 2014ರ ತಿದ್ದುಪಡಿ ಲೈಸೆನ್ಸ್ ಸುಲಭ ಮಾಡಿತು. ಹೆದರಿಕೆ ಅಷ್ಟು ಸುಲಭಕ್ಕೆ ಹೋಗಲಿಲ್ಲ.

ಅದೇ 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1, ಅಂದರೆ ಬಿಗಿ ನಿಗಾದಲ್ಲಿ ಮಾರಬೇಕಾದ ಔಷಧಿಗಳ ಪಟ್ಟಿ, ಜಾರಿಗೆ ಬಂತು. ಆಲ್ಪ್ರಜೋಲಮ್, ಅದೇ ಜಾತಿಯ ಡಯಾಜೆಪಮ್, ನೋವಿನ ಔಷಧಿಗಳಾದ ಕೊಡೀನ್, ಟ್ರಮಡಾಲ್ ಎಲ್ಲ ಅದರಲ್ಲಿವೆ. ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪು ಚೌಕದೊಳಗೆ ಎಚ್ಚರಿಕೆ ಇರಬೇಕು. ಕೆಮಿಸ್ಟ್ ಬೇರೆಯೇ ರಿಜಿಸ್ಟರ್ ಇಡಬೇಕು: ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಯಾವ ಔಷಧಿ, ಎಷ್ಟು. ಅದನ್ನು 3 ವರ್ಷ ಕಾಪಾಡಬೇಕು. 2018ರಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಕೆಳಗೂ ಬಂತು. ಅಂದರೆ ಲೆಕ್ಕ ಕೇಳಿದ್ದು ಹೆಚ್ಚಾಗಿ ಅಂಗಡಿಯವನನ್ನು. ಬರೆಯುವ ಕೈಗೆ ಕಲಿಸುವ ಕೆಲಸ ಹಿಂದೆ ಬಿತ್ತು, ಅಲ್ವಾ?

2019ರಲ್ಲೇ ಕೇಂದ್ರದ ಸಮೀಕ್ಷೆಯೊಂದು ಹೊರಬಂತು. ಚಿಕಿತ್ಸೆಗಲ್ಲದೆ ನಿದ್ದೆ, ಶಮನದ ಔಷಧಿ ಬಳಸುವವರು ದೇಶದಲ್ಲಿ ಸುಮಾರು 1.18 ಕೋಟಿ ಎಂದಿತು. ಅದೇ ವರ್ಷ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ಚಟ ಹಿಡಿಸುವ ಔಷಧಿಗಳು, ಚಟ ಬಿಡಿಸುವ ಕ್ರಮ ಎರಡೂ ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಿಗಳ ಪಾಠದಲ್ಲಿ, ಇವೆ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಲಿಯುವವರಿಗೂ, ಪುಣೆಯ ಬಿ.ಜೆ. ಕಾಲೇಜಿನವರಿಗೂ ಇದೇ ಪಠ್ಯ. 2021ರ ನಿಯಮ ಇಂಟರ್ನ್‌ಗಳಿಗೆ, ಅಂದರೆ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವವರಿಗೆ, ಮನೋರೋಗ ವಿಭಾಗದಲ್ಲಿ 2 ವಾರ ಕಡ್ಡಾಯ ಮಾಡಿತು.

ಆ 2 ವಾರ ಪರೀಕ್ಷೆಗೆ ಓದಿಕೊಳ್ಳುವ ರಜೆ ಆಗಬಾರದು. ವರ್ಷಗಟ್ಟಲೆ ಮಾತ್ರೆ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇಂಟರ್ನ್ ಅಂಥ ಒಬ್ಬರ ಪಕ್ಕ ಕೂತು ಆ ಇಳಿಕೆಯ ಚೀಟಿಯನ್ನು ತಾನೇ ಬರೆಯಬೇಕು, ಹಿರಿಯ ಡಾಕ್ಟರು ಅದನ್ನು ತಿದ್ದಬೇಕು. ಎಲ್ಲಕ್ಕಿಂತ ಮೊದಲು, ಯಾವಾಗಿಂದ ತಗೊಳ್ತಿದ್ದೀರಿ ಅಮ್ಮಾ ಅಂತ ಬೈಯದೆ ಕೇಳುವುದನ್ನು ಕಲಿಯಬೇಕು.