ಕಣದ ಮೂಲೆಯಲ್ಲಿ ಮುಕ್ಕಾಲು ಶಂಕು

ಹತ್ತನೇ ತರಗತಿ ಗಣಿತದಲ್ಲಿ ಮಕ್ಕಳು ಜಾಸ್ತಿ ಹೆದರುವ ಪಾಠಗಳಲ್ಲಿ ಘನಾಕೃತಿಗಳ ಜೋಡಣೆಯೂ ಒಂದು. ಸಿಲಿಂಡರಿನ ಮೇಲೆ ಅರ್ಧಗೋಳ, ಅರ್ಧಗೋಳದ ಮೇಲೆ ಶಂಕು. ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿಸಿ ಪರೀಕ್ಷೆಗೆ ಕಳಿಸಿಬಿಡುತ್ತೇವೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಈ ಪಾಠದಲ್ಲಿ ಹೊಸ ಸೂತ್ರ ಅಂತ ಏನೂ ಇಲ್ಲ. ಎಲ್ಲಿ ಕತ್ತರಿಸಬೇಕು, ಯಾವ ತುಂಡು ಕಾಣೆಯಾಗಿದೆ ಅಂತ ನೋಡಲು ಬಂದರೆ ಸಾಕು. ಕೊಡಗಿನ ಮಕ್ಕಳಿಗಂತೂ ಇದನ್ನು ಕಾಫಿ ಕಣದಲ್ಲೇ ತೋರಿಸಬಹುದು.

ಕೊಯ್ಲಿನ ದಿನಗಳಲ್ಲಿ ಸಂಜೆ ಹೊತ್ತು ಕಣದ ಕಡೆ ಹೋಗಿ. ಹಗಲೆಲ್ಲ ಹರವಿದ್ದ ಕಾಫಿಯನ್ನು ಇಬ್ಬನಿ ಬೀಳುವ ಮುಂಚೆ ಎಳೆದು, ಉದ್ದಕ್ಕೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಆ ಗುಡ್ಡೆ ಯಾವ ಆಕಾರ? ನಡುವಿನ ಭಾಗ ತ್ರಿಕೋನದ ಪಟ್ಟಕ, ಅಂದರೆ ಮಲಗಿಸಿದ ಮಾಡಿನ ಹಾಗೆ. ಎರಡು ತುದಿಗಳು ಮಾತ್ರ ದುಂಡಗೆ ಇಳಿದಿರುತ್ತವೆ. ಆ ಒಂದೊಂದು ತುದಿಯೂ ಅರ್ಧ ಶಂಕು. ಎರಡು ಅರ್ಧ ಸೇರಿದರೆ ಒಂದು ಪೂರ್ತಿ ಶಂಕು!

ಗುಡ್ಡೆಯ ಒಟ್ಟು ಉದ್ದ 6 ಮೀಟರ್, ಅಗಲ 2 ಮೀಟರ್, ಎತ್ತರ 60 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಎರಡು ತುದಿಯಲ್ಲಿ ಒಂದೊಂದು ಮೀಟರ್ ಬಿಟ್ಟರೆ ನಡುವೆ ಉಳಿಯುವುದು 4 ಮೀಟರ್. ಅದರ ಘನಫಲ 2.4 ಘನಮೀಟರ್. ತುದಿಗಳ ಶಂಕು ಸುಮಾರು 0.63. ಕೂಡಿದರೆ 3.03. ತುದಿಗಳನ್ನು ಲೆಕ್ಕಿಸದೆ ಇಡೀ 6 ಮೀಟರನ್ನೂ ಪಟ್ಟಕ ಅಂತ ಹಿಡಿದವರಿಗೆ 3.6 ಸಿಗುತ್ತದೆ. ಇಲ್ಲದ 570 ಲೀಟರ್ ಕಾಫಿ ಪುಸ್ತಕದಲ್ಲಿ ಬಂದು ಕೂತಿತು.

ರಾಶಿಯ ಲೆಕ್ಕ ನಮ್ಮಲ್ಲಿ ಬಹಳ ಹಳೆಯದು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಇದಕ್ಕೆ ನಿಯಮ ಕೊಟ್ಟ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ‘ರಾಶಿ ವ್ಯವಹಾರ’ ಅಂತ ಬೇರೆ ಭಾಗವನ್ನೇ ಇಟ್ಟಿದ್ದಾರೆ. ರಾಶಿಯ ಸುತ್ತಳತೆ ಅಳೆಯಿರಿ, ಆರರಿಂದ ಭಾಗಿಸಿ, ವರ್ಗ ಮಾಡಿ, ಎತ್ತರದಿಂದ ಗುಣಿಸಿ ಅನ್ನುತ್ತದೆ ನಿಯಮ. ಇದು ನಮ್ಮ ಶಂಕುವಿನ ಸೂತ್ರವೇ. ಪೈ ಜಾಗದಲ್ಲಿ 3 ಹಾಕಿದ್ದಾರೆ, ಅಷ್ಟೆ. ಎತ್ತರವನ್ನೂ ಅಳೆಯುವುದು ಬೇಡವಂತೆ. ಭತ್ತದಂಥ ಮೊನೆಯುಳ್ಳ ಧಾನ್ಯಕ್ಕೆ ಸುತ್ತಳತೆಯ ಒಂಬತ್ತನೇ ಒಂದು ಪಾಲು, ದಪ್ಪ ಕಾಳಿಗೆ ಹತ್ತನೇ ಒಂದು, ಸಣ್ಣ ಕಾಳಿಗೆ ಹನ್ನೊಂದನೇ ಒಂದು ಪಾಲೇ ಎತ್ತರ. ಇವನ್ನು ಇಳಿಜಾರಿಗೆ ತಿರುಗಿಸಿದರೆ ಸುಮಾರು 35, 32 ಮತ್ತು 30 ಡಿಗ್ರಿ ಬರುತ್ತದೆ. ಸುರಿದ ಕಾಳು ಜಾರದೆ ನಿಲ್ಲುವ ಕೋನ ಇದು. ಕಾಳಿಗೆ ಕಾಳು ಎಷ್ಟು ಒರಟಾಗಿ ಉಜ್ಜುತ್ತದೋ, ಮೊನೆಗೆ ಮೊನೆ ಎಷ್ಟು ಸಿಕ್ಕಿಕೊಳ್ಳುತ್ತದೋ, ಗುಡ್ಡೆ ಅಷ್ಟು ಕಡಿದಾಗಿ ನಿಲ್ಲುತ್ತದೆ. ಕೊಡಗಿನ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ ಭತ್ತದ ರಾಶಿ ನೋಡಿದವರಿಗೆ ಈ ಇಳಿಜಾರು ಪರಿಚಯವೇ.

ಹಳಬರು ಹೇಳಿದ್ದೆಲ್ಲ ಸರಿ ಅಂತ ನಂಬುವವರಿಗೆ ಒಂದು ಮಾತು. ತ್ರಿಕೋನ ಪಾಯದ ಗೋಪುರದ ಘನಫಲ ಪಾಯ ಮತ್ತು ಎತ್ತರದ ಗುಣಲಬ್ಧದ ಅರ್ಧ ಅಂತ ಕ್ರಿ.ಶ. 499ರ ‘ಆರ್ಯಭಟೀಯ’ ಹೇಳುತ್ತದೆ. ಅದು ತಪ್ಪು. ಮೂರನೇ ಒಂದು ಪಾಲು ಅನ್ನುವ ಸರಿ ಲೆಕ್ಕ ಬ್ರಹ್ಮಗುಪ್ತನಲ್ಲಿದೆ. ತಪ್ಪನ್ನು ಗೌರವಕ್ಕೆ ಅಂತ ಉಳಿಸಿಕೊಳ್ಳಲಿಲ್ಲ ನೋಡಿ, ಅದಕ್ಕೇ ನಮ್ಮ ಗಣಿತ ಬೆಳೆಯಿತು.

ಪೈಯನ್ನು 3 ಅಂತ ಹಿಡಿದದ್ದರಿಂದ ಎಷ್ಟು ವ್ಯತ್ಯಾಸ? 9 ಮೀಟರ್ ಸುತ್ತಳತೆಯ, 1 ಮೀಟರ್ ಎತ್ತರದ ಭತ್ತದ ರಾಶಿಗೆ ಹಳೆ ನಿಯಮ 2.25 ಘನಮೀಟರ್ ಕೊಡುತ್ತದೆ. ನಿಜವಾದದ್ದು 2.15. ನೂರು ಲೀಟರ್ ಹೆಚ್ಚು.

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ನಿಯಮ. ರಾಶಿ ಗೋಡೆಗೆ ಒರಗಿದ್ದರೆ ಏನು ಮಾಡಬೇಕು? ಕಾಣುವ ಸುತ್ತಳತೆಯನ್ನು ಎರಡರಿಂದ ಗುಣಿಸಿ, ಪೂರ್ತಿ ರಾಶಿ ಅಂತ ಲೆಕ್ಕ ಹಾಕಿ, ಕೊನೆಗೆ ಎರಡರಿಂದ ಭಾಗಿಸಿ. ಗೋಡೆ ಇರುವಲ್ಲಿ ಕನ್ನಡಿ ಇದ್ದಿದ್ದರೆ ಉಳಿದರ್ಧ ಅದರೊಳಗೆ ಕಾಣುತ್ತಿತ್ತು, ಅಲ್ವಾ? ಎರಡು ಗೋಡೆ ಕೂಡುವ ಒಳಮೂಲೆಯಾದರೆ ಗುಣಿಸುವುದೂ ನಾಲ್ಕರಿಂದ, ಭಾಗಿಸುವುದೂ ನಾಲ್ಕರಿಂದ.

ಹೊರಮೂಲೆಯದ್ದೇ ಚಂದ. ಗೋಡೌನಿನ ಮೂಲೆಯನ್ನು ಸುತ್ತುವರಿದು ಕಾಫಿ ಸುರಿದರೆ ಅದು ಮುಕ್ಕಾಲು ಶಂಕು. ಆಗ ಸುತ್ತಳತೆಯನ್ನು ಮೂರನೇ ನಾಲ್ಕರಿಂದ, ಅಂದರೆ ಒಂದೂ ಮೂರನೇ ಒಂದರಿಂದ ಗುಣಿಸಬೇಕು. ಟೇಪು 6.75 ಮೀಟರ್ ತೋರಿಸಿತು ಅನ್ನಿ. ಪೂರ್ತಿ ಆಗಿದ್ದರೆ 9 ಮೀಟರ್. ಎತ್ತರ 1 ಮೀಟರ್ ಇದ್ದರೆ ಆ ಪೂರ್ತಿ ಶಂಕು 2.15 ಘನಮೀಟರ್, ಅದರ ಮುಕ್ಕಾಲು 1.61. ಇಲ್ಲದ ತುಂಡನ್ನು ಮೊದಲು ಸೇರಿಸಿ ಆಮೇಲೆ ಕಳೆಯುವ ಈ ಉಪಾಯ ಗೊತ್ತಾದರೆ ತೂತು ಕೊರೆದ ಘನ, ಬುಡ ಮಾತ್ರ ಉಳಿದ ಶಂಕು ಯಾವುದಕ್ಕೂ ಹೆದರಬೇಕಿಲ್ಲ.

ಗುಮ್ಮಟಕ್ಕೂ ಇದೇ ದಾರಿ. ಮಡಿಕೇರಿಯಲ್ಲಿ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಗುಮ್ಮಟವನ್ನು ಸರಿಯಾದ ಅರ್ಧಗೋಳ ಅಂತ ಭಾವಿಸಿ. ಅದೇ ಅಗಲ, ಅದೇ ಎತ್ತರದ ಶಂಕು, ಅರ್ಧಗೋಳ, ಸಿಲಿಂಡರ್ ಮೂರರ ಘನಫಲ 1:2:3. ಆರ್ಕಿಮಿಡೀಸನಿಗೆ ಗೋಳ ಮತ್ತು ಸಿಲಿಂಡರಿನ ಈ ಸಂಬಂಧದ ಮೇಲೆ ಎಷ್ಟು ಪ್ರೀತಿ ಅಂದರೆ, ಅವನ ಸಮಾಧಿಯ ಮೇಲೇ ಅವೆರಡನ್ನೂ ಕೆತ್ತಿದ್ದರು. ಪೊದೆ ಮುಚ್ಚಿದ್ದ ಆ ಸಮಾಧಿಯನ್ನು ಕ್ರಿ.ಪೂ. 75ರಲ್ಲಿ ರೋಮಿನ ವಾಗ್ಮಿ ಸಿಸಿರೋ ಗುರುತಿಸಿದ್ದು ಆ ಕೆತ್ತನೆಯಿಂದಲೇ.

ಘನಫಲ ಕೂಡುತ್ತದೆ ಅಂತ ಮೇಲ್ಮೈಯನ್ನೂ ಸುಮ್ನೆ ಕೂಡಬೇಡಿ. ಎರಡು ಆಕೃತಿ ಅಂಟಿದ ಜಾಗ ಒಳಗೆ ಮುಚ್ಚಿಹೋಗಿರುತ್ತದೆ, ಅದಕ್ಕೆ ಬಣ್ಣವೂ ಬೇಡ, ಟಾರ್ಪಾಲೂ ಬೇಡ.

ಕಣ್ಣಂದಾಜಿನಲ್ಲಿ ದೊಡ್ಡ ಮೋಸ ಆಗುವುದು ಎತ್ತರದಲ್ಲಿ. ಶಂಕುವಿನಾಕಾರದ ಗುಡ್ಡೆಯ ಮೇಲಿನ ಅರ್ಧ ಎತ್ತರದಲ್ಲಿ ಇರುವುದು ಎಂಟನೇ ಒಂದು ಪಾಲು ಮಾತ್ರ. ಉದ್ದ, ಅಗಲ, ಎತ್ತರ ಮೂರೂ ಅರ್ಧವಾದವಲ್ಲವೇ? ಹಾಗಾಗಿ ತುದಿಯಿಂದ ನಡುಮಟ್ಟದವರೆಗೆ ತೆಗೆದು ‘ಅರ್ಧ ಖಾಲಿ ಆಯ್ತು’ ಅಂತ ತೋಟದ ಲೆಕ್ಕ ಬರೆಯುವ ರೈಟರು ಬರೆದುಕೊಂಡರೆ, ಕಣದಲ್ಲಿ ಇನ್ನೂ ಎಂಟರಲ್ಲಿ ಏಳು ಪಾಲು ಕಾಫಿ ಚೀಲಕ್ಕೆ ತುಂಬಲು ಬಾಕಿ ಇರುತ್ತದೆ.