ಡೇವಿಡ್ ಬೋವಿ, 1976: ನಿಜವಾಗಿ ಅಂದದ್ದೋ, ತಮಾಷೆಗೋ?

ಸಂಗತಿ ಬೇಗ ಮುಗಿಸುತ್ತೇನೆ. 1976ರಲ್ಲಿ ಇಂಗ್ಲಿಷ್ ಗಾಯಕ ಡೇವಿಡ್ ಬೋವಿ ಪತ್ರಿಕೆಯವರ ಮುಂದೆ ಫ್ಯಾಸಿಸಂ ಪರವಾಗಿ ಮಾತಾಡಿದರು. ಬ್ರಿಟನ್ನಿಗೆ ಫ್ಯಾಸಿಸ್ಟ್ ನಾಯಕ ಬಂದರೆ ಒಳ್ಳೆಯದಾಗಬಹುದು ಎಂದರು. ಮೇ 2ರಂದು ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ತೆಗೆದ ಒಂದು ಫೋಟೊ ನಾಜಿ ಸೆಲ್ಯೂಟಿನ ಹಾಗೆ ಕಂಡಿತು. ಸುಮ್ನೆ ಕೈ ಬೀಸುತ್ತಿದ್ದೆ ಎಂದು ಬೋವಿ ಹೇಳಿದರು. ಫೋಟೊ ಬಿಟ್ಟುಬಿಡಿ, ಅದರಿಂದ ಯಾವುದೂ ಸಾಬೀತಾಗುವುದಿಲ್ಲ.

ಕಷ್ಟ ಇರುವುದು ಇಲ್ಲಿ. ಆಗ ಬೋವಿ ವೇದಿಕೆ ಮೇಲೆ ‘ಥಿನ್ ವೈಟ್ ಡ್ಯೂಕ್’ ಎಂಬ ಪಾತ್ರವಾಗಿದ್ದರು. ಹಾಗಾಗಿ ಮಾತಾಡಿದ್ದು ಪಾತ್ರ, ಬೋವಿ ಅಲ್ಲ ಎಂದು ಅಭಿಮಾನಿಗಳು ವಾದಿಸುತ್ತಾರೆ. ನಾಟಕದಲ್ಲಿ ರಾವಣ ಏನಂದರೂ ಯಾರೂ ನಟನನ್ನು ಬೈಯುವುದಿಲ್ಲ. ಪರದೆ ಎದ್ದದ್ದು, ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಪತ್ರಿಕೆಯ ಸಂದರ್ಶನದಲ್ಲಿ ಪರದೆ ಎಲ್ಲಿದೆ? ಓದುಗರಿಗೆ ಕಂಡದ್ದು ಬೋವಿ ಎಂಬ ಹೆಸರು ಮಾತ್ರ. ಪಾತ್ರದ ವಾದ ನಿಲ್ಲಬೇಕಾದರೆ, ಇದು ವೇಷ ಎಂದು ಕೇಳುವವರಿಗೆ ಆಗಲೇ ಗೊತ್ತಾಗುವಂತಿರಬೇಕು.

ಆಗ ಬೋವಿಗಿದ್ದ ಕೊಕೇನ್ ಚಟದ ವಿಷಯವೂ ಹೀಗೆಯೇ. ನಾಲಿಗೆ ಯಾಕೆ ಸಡಿಲವಾಯಿತು ಎಂದು ಅದು ಹೇಳುತ್ತದೆ. ಮಾತನ್ನು ಅವರು ನಂಬಿದ್ದರೇ ಎಂಬುದನ್ನು ಹೇಳುವುದಿಲ್ಲ. ಇವೆರಡನ್ನೂ ಬೆರೆಸಬೇಡಿ.

ಇನ್ನು ನನಗೆ ಜಾಸ್ತಿ ನೆರವಾದ ಉಪಾಯ: ವಿವರಣೆ ಯಾವಾಗ ಬಂತು ನೋಡಿ. ತಾನು ಫ್ಯಾಸಿಸ್ಟ್ ಅಲ್ಲ ಎಂದು ಬೋವಿ ಆಮೇಲೆ ಹೇಳಿದ್ದು ಆಮೇಲಿನ ಮನಸ್ಸಿಗೆ ಸಾಕ್ಷಿ. ಆ ಗಳಿಗೆಯ ಸಾಕ್ಷಿಗೆ ತೂಕ ಹೆಚ್ಚು. 1976ರ ಸೆಪ್ಟೆಂಬರಿನ ಪ್ಲೇಬಾಯ್ ಪತ್ರಿಕೆಯ ಸಂದರ್ಶನವನ್ನೇ ತೆಗೆದುಕೊಳ್ಳಿ. ಫ್ಯಾಸಿಸಂನಲ್ಲಿ ಬಲವಾದ ನಂಬಿಕೆ ಇದೆ, ಹಿಟ್ಲರ್ ಮೊದಮೊದಲ ರಾಕ್ ಸ್ಟಾರ್‌ಗಳಲ್ಲೊಬ್ಬ ಎಂದದ್ದು ಅಲ್ಲೇ. ಹೇಳಿದ್ದಕ್ಕೆಲ್ಲ ಬದ್ಧರೇ ಎಂದು ಕೊನೆಗೆ ಕೇಳಿದಾಗ, ಕೆರಳಿಸುವ ಮಾತುಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬದ್ಧ ಎಂದದ್ದೂ ಅಲ್ಲೇ! ಅಂದರೆ ಕೆರಳಿಸುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಆದರೂ ಅಚ್ಚಾಗಲು ಬಿಟ್ಟರು. ಹಾಗಾಗಿ ನನ್ನ ತೀರ್ಮಾನ: ಇದು ರಾಜಕೀಯ ನಂಬಿಕೆಯಲ್ಲ, ತಮಾಷೆಯೂ ಅಲ್ಲ. ಬೇಕೆಂದೇ ಕೆಣಕಿದ್ದು. ಅದರ ಹೊಣೆ ಅವರದೇ.

ಇದೇ ಅಳತೆಯನ್ನು ಇಂಗ್ಲಿಷ್ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್‌ಗೆ ಹಿಡಿದು ನೋಡಿ. 1976ರ ಆಗಸ್ಟ್ 5, ಬರ್ಮಿಂಗ್‌ಹ್ಯಾಮ್. ಕುಡಿದ ಅಮಲಿನಲ್ಲಿ ವೇದಿಕೆಯಿಂದಲೇ ವಲಸಿಗರನ್ನು ಬೈದು, ವಲಸೆಯನ್ನು ವಿರೋಧಿಸುತ್ತಿದ್ದ ಇನಾಕ್ ಪೊವೆಲ್‌ಗೆ ಬೆಂಬಲ ಕೊಡಿ ಎಂದರು. ಪಾತ್ರ ಇರಲಿಲ್ಲ. ಹೆಸರಿಸಿದ್ದು ನಿಜವಾದ ರಾಜಕಾರಣಿಯನ್ನು. ಅಮಲು ಇಳಿದು ವರ್ಷಗಳಾದ ಮೇಲೂ ಪೊವೆಲ್ ಪರ ಮಾತಾಡಿದರು. ಇಲ್ಲಿ ತಮಾಷೆ ಅನ್ನಲು ಜಾಗವೇ ಇಲ್ಲ, ಅಲ್ವಾ? ಸಂಗೀತದ ಮೂಲಕ ಜನಾಂಗದ್ವೇಷವನ್ನು ಎದುರಿಸಿದ ‘ರಾಕ್ ಎಗೇನ್ಸ್ಟ್ ರೇಸಿಸಂ’ ಚಳವಳಿ ಹುಟ್ಟಿದ್ದೂ ಈ ಮಾತಿಗೆ ಉತ್ತರವಾಗಿಯೇ.